ಮೊದಲ ಸೂಜಿ ತನ್ನ ಮೈಗೆ



ಕಲ್ಯಾಣದ ಶರಣರ ಸಮೂಹದಲ್ಲಿ ದೋಣಿ ನಡೆಸುವವನಿದ್ದ, ಬಟ್ಟೆ ಮಡಿ ಮಾಡುವವನಿದ್ದ, ಹಗ್ಗ ಹೊಸೆಯುವವನಿದ್ದ. ಅವರ ನಡುವೆ ವೈದ್ಯ ಸಂಗಣ್ಣನೆಂಬ ಶರಣನೂ ಇದ್ದನು. ನಾಡಿ ಹಿಡಿದು ನೋಡುವುದು, ಮದ್ದು ಅರೆದು ಕೊಡುವುದು ಅವನ ಕಾಯಕ. ಆ ಕೂಟದಲ್ಲಿ ಯಾರೂ ಯಾರ ಕುಲವನ್ನೂ ಕೇಳಲಿಲ್ಲ, ಮಾಡುವ ಕೆಲಸ ಶುದ್ಧವಾಗಿದೆಯೇ ಎಂಬುದನ್ನು ಮಾತ್ರ ಕೇಳಿದರು. ಇದು ನಮಗೆಲ್ಲ ಗೊತ್ತಿರುವ ಮಾತು. ಆದರೆ ವೈದ್ಯನ ಕಾಯಕದಲ್ಲಿ ಒಂದು ವಿಶೇಷ ಹೊಣೆ ಇದೆ. ರೈತ ಬಿತ್ತುವಾಗ ತಪ್ಪಿದರೆ ಒಂದು ಹಂಗಾಮು ಹೋಗುತ್ತದೆ. ವ್ಯಾಪಾರಿ ಲೆಕ್ಕದಲ್ಲಿ ತಪ್ಪಿದರೆ ಗಂಟು ಕರಗುತ್ತದೆ. ವೈದ್ಯ ತಪ್ಪಿದರೆ ಹೋಗುವುದು ಇನ್ನೊಬ್ಬರ ಪ್ರಾಣ. ಹೀಗಿರುವಾಗ ಹೊಸ ಮದ್ದೊಂದನ್ನು ಕಂಡುಹಿಡಿದವನು ಅದನ್ನು ಮೊದಲು ಯಾರ ಮೈಗೆ ಹಾಕಬೇಕು? ಈ ಪ್ರಶ್ನೆಗೆ ಮಾತಿನಿಂದಲ್ಲದೆ ತನ್ನ ಮೈಯಿಂದಲೇ ಉತ್ತರ ಕೊಟ್ಟ ಒಬ್ಬ ಪುರುಷನ ಕಥೆಯನ್ನು ಈ ಸಲ ಹೇಳಬೇಕೆಂದಿದ್ದೇವೆ. ಅವನು ನಮ್ಮ ದೇಶದವನಲ್ಲ, ನಮ್ಮ ಧರ್ಮದವನಲ್ಲ, ಪದವಿಯ ಲೆಕ್ಕದಲ್ಲಿ ವೈದ್ಯನೂ ಅಲ್ಲ. ಹೆಸರು ವಾಲ್ಡೆಮಾರ್ ಹಾಫ್ಕಿನ್.

ಈ ಹೆಸರು ನಮ್ಮ ಭಕ್ತರಲ್ಲಿ ಹಲವರಿಗೆ ಹೊಸದಾಗಿರಬಹುದು. ಆದರೆ ಅವನು ಎದುರಿಸಿದ ರೋಗ ಹೊಸದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ಮನೆತನಗಳಲ್ಲಿ ಪ್ಲೇಗಿನ ಮಾತು ಬಾಯಿಂದ ಬಾಯಿಗೆ ಬಂದಿದೆ. ಹಗೇವಿನ ಬಾಯಲ್ಲಿ, ಅಡಿಗೆ ಮನೆಯ ಮೂಲೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ ಏಳುವುದು, ಸುಡುವ ಜ್ವರ, ಕೆಲವೇ ದಿನಗಳಲ್ಲಿ ಸಾವು. ಹೊತ್ತೊಯ್ಯಲು ನಾಲ್ಕು ಜನ ಸಿಗದ ದಿನಗಳೂ ಇದ್ದವೆಂದು ಹಿರಿಯರು ಹೇಳುತ್ತಿದ್ದರು. 1896ರಿಂದ ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಈ ದೇಶದಲ್ಲಿ ಪ್ಲೇಗು ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದಿತು.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಪಟ್ಟಣದಲ್ಲಿ, ಯಹೂದಿ ಮನೆತನದಲ್ಲಿ. ಆಗ ಅದು ರಷ್ಯದ ಚಕ್ರವರ್ತಿಯ ರಾಜ್ಯ. ಯಹೂದಿಗಳ ಮನೆಗಳ ಮೇಲೆ ಗುಂಪು ಕಟ್ಟಿ ಬೀಳುವುದು ಅಲ್ಲಿ ಸಾಮಾನ್ಯವಾಗಿತ್ತು. ತನ್ನವರ ಕೇರಿಯನ್ನು ಕಾಯಲು ನಿಂತ ಹುಡುಗರಲ್ಲಿ ಇವನೂ ಒಬ್ಬನಾಗಿ ಸೆರೆಯಾಗಿದ್ದ. ಪ್ರಾಣಿಶಾಸ್ತ್ರವನ್ನು ಮೆಚ್ನಿಕಾಫ್ ಎಂಬ ದೊಡ್ಡ ಗುರುವಿನ ಬಳಿ ಕಲಿತ. ವಿದ್ಯೆಗೆ ತಕ್ಕ ಹುದ್ದೆ ಸಿಗಬೇಕಾದರೆ ಮತ ಬದಲಿಸಬೇಕು ಎಂಬ ಷರತ್ತು ಎದುರಾಯಿತು. ಅವನು ಒಪ್ಪಲಿಲ್ಲ. ನಂಬಿಕೆಯನ್ನು ತಕ್ಕಡಿಗೆ ಹಾಕಿ ನೌಕರಿ ಕೊಳ್ಳಲಿಲ್ಲ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು. ದೇಶ ಬಿಟ್ಟು 1889ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಪಾಶ್ಚರನ ಸಂಸ್ಥೆಯಲ್ಲಿ ಅವನಿಗೆ ಸಿಕ್ಕಿದ್ದು ಪುಸ್ತಕ ಭಂಡಾರದ ಕೆಲಸ. ಹಗಲು ಪುಸ್ತಕ ಜೋಡಿಸುತ್ತ, ಬಿಡುವಿನಲ್ಲಿ ರೋಗಾಣುಗಳ ಅಭ್ಯಾಸ ಮಾಡುತ್ತ, ಮೂರು ವರ್ಷಗಳಲ್ಲಿ ಕಾಲರಾ ರೋಗಕ್ಕೆ ಒಂದು ಚುಚ್ಚುಮದ್ದನ್ನು ಸಿದ್ಧಪಡಿಸಿದ. ಮೊಲಗಳ ಮೇಲೆ, ಗಿನಿ ಇಲಿಗಳ ಮೇಲೆ ನೋಡಿ ಆಯಿತು. ಇನ್ನು ಮನುಷ್ಯನ ಸರದಿ. 1892ರ ಜುಲೈ 18ರಂದು ಅವನು ಆ ಮದ್ದನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ಜ್ವರ ಬಂತು, ನೋವು ಬಂತು, ಇಳಿಯಿತು. ಆಮೇಲೆ ಗೆಳೆಯರು ತೋಳು ಕೊಟ್ಟರು.

ಮರುವರ್ಷ, 1893ರಲ್ಲಿ, ಅವನು ಹಿಂದೂಸ್ಥಾನಕ್ಕೆ ಬಂದ. ಕಾಲರಾ ಇಲ್ಲಿ ಮನೆಯ ನೆಂಟನಂತೆ ವರ್ಷ ವರ್ಷ ಬರುತ್ತಿದ್ದ ಕಾಲವದು. ಕಲಕತ್ತೆಯ ಬಡವರ ಕೇರಿಗಳಲ್ಲಿ ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ನಮ್ಮ ದೇಶದ ವೈದ್ಯರು ಅವನ ಜೊತೆ ನಿಂತರು. ಜನ ಮೊದಮೊದಲು ಹೆದರಿದರು, ಕೆಲವು ಕಡೆ ಓಡಿಸಿದರು ಕೂಡ. ಯಾರನ್ನೂ ಹಿಡಿದು ತಂದು ಚುಚ್ಚಬಾರದು, ಒಪ್ಪಿ ಬಂದವರಿಗೆ ಮಾತ್ರ ಎಂಬುದು ಅವನ ನಿಯಮ. ಎರಡು ಎರಡೂವರೆ ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಒಪ್ಪಿ ಬಂದರು. ಅವನಿಗೇ ಮಲೇರಿಯಾ ಹತ್ತಿ ಮೈ ಸೋತು, ಸ್ವಲ್ಪ ಕಾಲ ವಿಲಾಯತಿಗೆ ಹೋಗಿ ಬರಬೇಕಾಯಿತು.

ಅಷ್ಟರಲ್ಲಿ ಮುಂಬಯಿಯಲ್ಲಿ ಬೇರೆಯೇ ಮಾರಿ ಕಾಲಿಟ್ಟಿತ್ತು. 1896ರ ಸಪ್ಟೆಂಬರಿನಲ್ಲಿ ಬಂದರಿನ ಹತ್ತಿರದ ಮಾಂಡವಿ ಪೇಟೆಯಲ್ಲಿ ಜನ ವಿಚಿತ್ರ ಜ್ವರದಿಂದ ಸಾಯತೊಡಗಿದರು. ಮಾಂಡವಿಯೆಂದರೆ ಧಾನ್ಯದ ಗೋದಾಮುಗಳ ಸ್ಥಳ. ಅಡತಿ ಅಂಗಡಿ ನಡೆಸುವ ನಮ್ಮ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಧಾನ್ಯವಿದ್ದಲ್ಲಿ ಇಲಿ ಇರುತ್ತದೆ. ಇದು ಪ್ಲೇಗು ಎಂದು ಮೊದಲು ಧೈರ್ಯವಾಗಿ ಹೇಳಿದವನು ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಅಕೇಸಿಯೋ ವೀಗಸ್. ಪೇಟೆಗೆ ಕೆಟ್ಟ ಹೆಸರು ಬರುತ್ತದೆ, ವ್ಯಾಪಾರ ನಿಲ್ಲುತ್ತದೆ ಎಂದು ಅಂಜುವವರಿಗೇನು ಕೊರತೆ? ಅವನು ಅಂಜಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಮನುಷ್ಯನಿಗೆ ಹತ್ತುತ್ತದೆ ಎಂಬುದನ್ನು ಸಿಮೋನ್ ಎಂಬ ಫ್ರಾನ್ಸಿನ ವೈದ್ಯ ತೋರಿಸಿಕೊಟ್ಟದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಲಿ ಬಿದ್ದರೆ ಊರು ಬಿಡಬೇಕು ಎಂಬುದನ್ನು ಮಾತ್ರ ನಮ್ಮ ಹಳ್ಳಿಯ ಹಿರಿಯರು ಪುಸ್ತಕವಿಲ್ಲದೆಯೇ ತಿಳಿದಿದ್ದರು.

ಹಾಫ್ಕಿನ್ ಮುಂಬಯಿಗೆ ಬಂದ. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವನಿಗೆ ಕೊಟ್ಟದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಸಂಸಾರ. ಅಲ್ಲಿ ಅವನು ಗಾಜಿನ ಬುದ್ದಲಿಗಳಲ್ಲಿ ಪೌಷ್ಟಿಕ ರಸ ತುಂಬಿ ಪ್ಲೇಗಿನ ರೋಗಾಣುಗಳನ್ನು ಬೆಳೆಸಿದ. ಆ ಬೆಳೆ ಚೆನ್ನಾಗಿ ಬರಲು ಅವನು ಕಂಡುಕೊಂಡ ಉಪಾಯ ಕೇಳಿದರೆ ನಮ್ಮ ತಾಯಂದಿರಿಗೆ ನಗು ಬಂದೀತು. ರಸದ ಮೇಲೆ ಒಂದೆರಡು ಹನಿ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ತೇಲಬಿಡುತ್ತಿದ್ದ. ಆ ಜಿಡ್ಡಿಗೆ ರೋಗಾಣುಗಳು ಅಂಟಿಕೊಂಡು, ಆಲದ ಬಿಳಲಿನ ಹಾಗೆ ಕೆಳಮುಖವಾಗಿ ಎಳೆ ಎಳೆಯಾಗಿ ಇಳಿಯುತ್ತಿದ್ದವು. ಬುದ್ದಲಿ ಅಲ್ಲಾಡಿಸಿದರೆ ಎಳೆಗಳು ಉದುರಿ ತಳಕ್ಕೆ ಕೂಡುವುವು, ಮತ್ತೆ ಹೊಸ ಬಿಳಲು. ವಾರಗಟ್ಟಲೆ ಹೀಗೆ ಬೆಳೆಸಿ, ಕೊನೆಗೆ ಕಾಯಿಸಿ ರೋಗಾಣುಗಳನ್ನು ಕೊಂದು, ಆ ಸತ್ತ ರೋಗಾಣುಗಳ ರಸವನ್ನೇ ಮದ್ದಾಗಿ ಬಳಸುವುದು. ಸತ್ತ ಶತ್ರುವನ್ನು ತೋರಿಸಿ ಮೈಯೊಳಗಿನ ಕಾವಲುಗಾರನನ್ನು ಎಚ್ಚರಿಸಿಡುವ ವಿದ್ಯೆಯಿದು. ನಿಜವಾದ ಶತ್ರು ಬಂದಾಗ ಕಾವಲುಗಾರ ಗುರುತು ಹಿಡಿಯುತ್ತಾನೆ.

ಮೂರು ತಿಂಗಳಲ್ಲಿ ಮದ್ದು ಸಿದ್ಧವಾಯಿತು. 1897ರ ಜನವರಿ 10ರಂದು ಹಾಫ್ಕಿನ್ ಅದನ್ನು ತನಗೆ ಚುಚ್ಚಿಸಿಕೊಂಡ. ಅಳತೆ 10 ಸಿ.ಸಿ. ಮುಂದೆ ಜನರಿಗೆ ಕೊಡಬೇಕೆಂದು ಎಣಿಸಿದ್ದಕ್ಕಿಂತ ಅದು ಬಹಳ ಹೆಚ್ಚು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು. ಜ್ವರವೂ ನೋವೂ ಬಂದವು, ಅವನು ಉಳಿದ. ಇದನ್ನು ಕೇಳಿದಾಗ ನಮಗೆ ನೆನಪಾಗುವುದು ಶರಣರು ಮತ್ತೆ ಮತ್ತೆ ಹೇಳಿದ ನಡೆ-ನುಡಿಯ ವಿಚಾರ. ಪ್ರವಚನ ಹೇಳುವ ನಮ್ಮಂಥವರಿಗೆ ನುಡಿ ಸುಲಭ. ಎದುರಿಗೆ ಕುಳಿತವರೂ ತಲೆದೂಗುತ್ತಾರೆ. ನಡೆಯ ಹೊತ್ತು ಬಂದಾಗ ನಾವು ಸಾಲಿನ ಯಾವ ಕಡೆ ನಿಂತಿರುತ್ತೇವೆ ಎಂಬುದರಿಂದ ಮಾತಿಗೆ ಬೆಲೆ ಕಟ್ಟಬೇಕು.

ಅದೇ ತಿಂಗಳ ಕೊನೆಗೆ ಮುಂಬಯಿಯ ಭಾಯಖಳಾ ಜೈಲಿನಲ್ಲಿ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಸುಮಾರು ಅರ್ಧ ಜನ ತಾವಾಗಿ ಮುಂದೆ ಬಂದು ಚುಚ್ಚುಮದ್ದು ಹಾಕಿಸಿಕೊಂಡರು, ಉಳಿದವರು ಬೇಡವೆಂದರು. ಎರಡೂ ಪಂಗಡಕ್ಕೆ ಒಂದೇ ಗೋಡೆ, ಒಂದೇ ಅನ್ನ, ಒಂದೇ ಗಾಳಿ. ಮೊದಲೇ ಮೈಯಲ್ಲಿ ರೋಗ ಹೊಕ್ಕಿದ್ದ ಕೆಲವರು ಆ ದಿನವೇ ತೀರಿಕೊಂಡರು. ಅದನ್ನೂ ಮುಚ್ಚಿಡಲಿಲ್ಲ. ಆಮೇಲಿನ ದಿನಗಳಲ್ಲಿ ಹಾಕಿಸಿಕೊಳ್ಳದವರ ಪೈಕಿ 12 ಜನರಿಗೆ ರೋಗ ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಬದುಕಿದರು. ಈ ಮದ್ದು ವಜ್ರಕವಚವೇನಲ್ಲ, ಹಾಕಿಸಿಕೊಂಡವರೂ ಕೆಲವರು ಮುಂದೆ ಸತ್ತದ್ದುಂಟು. ಆದರೆ ಸಾವು ಎಷ್ಟೋ ಪಾಲು ಇಳಿಯಿತು.

ಇಲ್ಲಿ ಇನ್ನೊಬ್ಬ ಗುರುವಿನ ಮಾತು ಹೇಳಲೇಬೇಕು. ಖೋಜಾ ಮುಸಲ್ಮಾನರ ಧರ್ಮಗುರು ಆಗಾಖಾನರು ಆಗ ಇಪ್ಪತ್ತು ತುಂಬದ ತರುಣ. ಅವರ ಭಕ್ತರು ಮುಂಬಯಿಯ ತುಂಬ ವ್ಯಾಪಾರಿಗಳು. ಸೂಜಿಯ ಬಗ್ಗೆ ಪೇಟೆಯಲ್ಲಿ ಸಾವಿರ ಸುದ್ದಿ ಹಬ್ಬಿತ್ತು. ಆಗಾಖಾನರು ಅಪ್ಪಣೆ ಹೊರಡಿಸಿ ಸುಮ್ಮನಾಗಲಿಲ್ಲ. ಭಕ್ತರ ಕಣ್ಣೆದುರಿಗೇ ತಮ್ಮ ತೋಳಿಗೆ ಚುಚ್ಚಿಸಿಕೊಂಡರು. ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟರು. ಗುರುವಿಗೆ ಏನೂ ಆಗಲಿಲ್ಲವೆಂದು ಕಂಡ ಮೇಲೆ ಸಾವಿರ ಸಾವಿರ ಭಕ್ತರು ಮುಂದೆ ಬಂದರು. ಮಠಾಧೀಶರೂ ಮುಲ್ಲಾಗಳೂ ಪಾದ್ರಿಗಳೂ ಓದಿಕೊಳ್ಳಬೇಕಾದ ಪಾಠವಿದೆಂದು ನಾವು ತಿಳಿದಿದ್ದೇವೆ, ನಮ್ಮನ್ನೂ ಸೇರಿಸಿಕೊಂಡು.

ಜನ ಹೆದರಿದ್ದು ಬರೀ ಮೌಢ್ಯದಿಂದ ಎಂದು ಕೆಲವು ಪುಸ್ತಕಗಳಲ್ಲಿ ಬರೆಯುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಆಗಿನ ಸರಕಾರದ ನಡತೆ ನೋಡಿರಿ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದು ಪುಣೆಯಲ್ಲಿ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದರು. ದೇವರ ಕೋಣೆಗೆ ಬೂಟುಗಾಲು, ಹೆಣ್ಣುಮಕ್ಕಳ ಮೈ ತಪಾಸಣೆ, ಸಾಮಾನು ಬೀದಿಗೆ. ಆ ಕೋಪದ ಬೆಂಕಿಯಲ್ಲಿಯೇ ಚಾಪೇಕರ ಸಹೋದರರು ಅದೇ ವರ್ಷ ಜೂನ್ 22ರ ರಾತ್ರಿ ರ‍್ಯಾಂಡ್ ಎಂಬ ಅಧಿಕಾರಿಗೆ ಗುಂಡು ಹಾರಿಸಿದರು. ಬಾಗಿಲು ಒಡೆದು ಬಂದವರ ಕೈಯಿಂದ ಮದ್ದು ತೆಗೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಹಾಫ್ಕಿನ್ನನ ದಾರಿ ಬೇರೆಯಿತ್ತು. ಬಲಾತ್ಕಾರ ಬೇಡ, ಒಪ್ಪಿಸಿ ಕೊಡೋಣ ಎಂದ. ಆದರೂ ಸಿಪಾಯಿಯ ಬಂದೂಕಿನ ನೆರಳು ಅವನ ಸೂಜಿಯ ಮೇಲೂ ಬಿತ್ತು.

ಮುಂದಿನ ವರ್ಷ ರೋಗ ನಮ್ಮ ಕಡೆ ಇಳಿಯಿತು. ಆಗ ಸೊಲ್ಲಾಪುರ, ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳೆಲ್ಲ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು, ನಡುವೆ ಇಂದಿನ ಗಡಿಯ ಗೆರೆ ಇರಲಿಲ್ಲ. ರೋಗಕ್ಕಂತೂ ಅಂದೂ ಇಂದೂ ಗಡಿಯಿಲ್ಲ. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಪ್ಲೇಗು ಹೆಚ್ಚಿದಾಗ ಹಾಫ್ಕಿನ್ನನ ಚುಚ್ಚುಮದ್ದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಹುಬ್ಬಳ್ಳಿಯಲ್ಲಂತೂ ಪೇಟೆಯ ಬಹುಪಾಲು ಜನ ಹಾಕಿಸಿಕೊಂಡರು. ಹತ್ತಿ ವ್ಯಾಪಾರಿಗಳ, ನೇಕಾರರ ಊರು ಅದು. ಮರುವರ್ಷ ಮುಂಬಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರರ ಬಂಗಲೆಯಲ್ಲಿ ಪ್ರಯೋಗಶಾಲೆ ನೆಲೆಗೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಹೊಗಳಿಕೆಯ ಹಾಡಾಗುತ್ತಿತ್ತು, ಅದಕ್ಕಾಗಿ ನಾವು ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿ. ಮುಂಬಯಿಯಿಂದ ಹೋದ ಮದ್ದಿನ ಐದು ಶೀಶೆಗಳಿಂದ ಅಂದು 107 ಜನರಿಗೆ ಚುಚ್ಚಿದರು. ಒಂದು ವಾರ ಕಳೆಯುವುದರೊಳಗೆ ಅವರಲ್ಲಿ 19 ಜನರಿಗೆ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಾಗಿತು. ಧನುರ್ವಾಯು. ಹತ್ತೊಂಬತ್ತು ಜನರೂ ಸತ್ತರು. ನಂಬಿ ತೋಳು ಚಾಚಿದ ರೈತಾಪಿ ಜನ ಅವರು. ರೋಗ ಬಾರದಿರಲೆಂದು ಸಾಲಿನಲ್ಲಿ ನಿಂತವರು. ಅವರ ಮನೆಯವರಿಗೆ ಯಾವ ವಿಜ್ಞಾನವನ್ನು ಹೇಳಿ ಸಮಾಧಾನ ಮಾಡಬೇಕು?

ಒಂದು ಮಾತು ಮಾತ್ರ ಸ್ಪಷ್ಟವಿತ್ತು. ಸತ್ತ ಹತ್ತೊಂಬತ್ತು ಜನರಿಗೂ ಮದ್ದು ಹೋದದ್ದು ಒಂದೇ ಶೀಶೆಯಿಂದ. ಉಳಿದ ನಾಲ್ಕು ಶೀಶೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಹಾಗಾದರೆ ಆ ಶೀಶೆಯೊಳಗೆ ವಿಷ ಸೇರಿದ್ದು ಎಲ್ಲಿ? ಮುಂಬಯಿಯ ಪ್ರಯೋಗಶಾಲೆಯಲ್ಲೋ, ಬಿರಡೆ ತೆಗೆದ ಹಳ್ಳಿಯಲ್ಲೋ? ಸರಕಾರ ನೇಮಿಸಿದ ಸಮಿತಿ ಮುಂಬಯಿಯ ಕಡೆಗೆ ಬೆರಳು ತೋರಿಸಿತು. ಹಾಫ್ಕಿನ್ ಮದ್ದು ಶುದ್ಧಮಾಡುವ ಕ್ರಮದಲ್ಲಿ ಬದಲಾವಣೆ ಮಾಡಿದ್ದ. ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಕಾಯಿಸುವುದನ್ನೇ ನಂಬಿದ್ದ. ಪಾಶ್ಚರನ ಸಂಸ್ಥೆಯವರು ಅದೇ ಕ್ರಮವನ್ನು ಬಳಸುತ್ತಿದ್ದರು, ಆದರೆ ಇಲ್ಲಿನ ಅಧಿಕಾರಿಗಳಿಗೆ ಅಷ್ಟೇ ನೆಪ ಸಾಕಾಯಿತು. ಅವನು ವೈದ್ಯ ಪದವಿಯಿಲ್ಲದವನು, ಪರದೇಶಿ, ಯಹೂದಿ, ಆದರೂ ದೊಡ್ಡ ಕುರ್ಚಿಯಲ್ಲಿ ಕುಳಿತವನು. ಅಸೂಯೆ ಪಡುವವರು ಮೊದಲೇ ಇದ್ದರು. ಅವನನ್ನು ಪ್ರಯೋಗಶಾಲೆಯ ಮುಖ್ಯಸ್ಥಾನದಿಂದ ದೂರ ಮಾಡಿದರು. ತಾನೇ ಕಟ್ಟಿದ ಮನೆಯ ಬಾಗಿಲು ಅವನಿಗೆ ಮುಚ್ಚಿತು.

ಸತ್ಯ ಎಲ್ಲಿತ್ತು ಕೇಳಿರಿ. ಮುಲ್ಕೋವಾಲದಲ್ಲಿ ಆ ಶೀಶೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿ, ಔಷಧದ ನೀರಿನಲ್ಲಿ ಅದ್ದಿದಂತೆ ಮಾಡಿ, ಅದರಿಂದಲೇ ಬಿರಡೆ ಕಿತ್ತಿದ್ದರು. ನೆಲದ ಮಣ್ಣಿನಲ್ಲಿ, ಸಗಣಿ ಸೇರಿದ ಧೂಳಿನಲ್ಲಿ ಧನುರ್ವಾಯುವಿನ ಬೀಜ ಇರುತ್ತದೆಂಬುದು ಇಂದು ನಮ್ಮ ಹಳ್ಳಿಯ ದಾದಿಗೂ ಗೊತ್ತು. ನೀರಿನಲ್ಲಿ ಕ್ಷಣಮಾತ್ರ ಅದ್ದಿದರೆ ಆ ಬೀಜ ಸಾಯುವುದಿಲ್ಲ. ಮುಂಬಯಿಯಲ್ಲಿಯೇ ಸೇರಿದ್ದರೆ ವಾರಗಟ್ಟಲೆ ಶೀಶೆಯೊಳಗೆ ಬೆಳೆದು ಮದ್ದು ನಾರಬೇಕಾಗಿತ್ತು. ಬಿರಡೆ ತೆಗೆದಾಗ ಯಾವ ದುರ್ವಾಸನೆಯೂ ಬರಲಿಲ್ಲವೆಂದು ಅಲ್ಲಿದ್ದ ವೈದ್ಯನೇ ಹೇಳಿದ್ದ. ಇಷ್ಟೆಲ್ಲ ಕಾಗದದ ಮೇಲೆ ಇದ್ದರೂ ನಾಲ್ಕೈದು ವರ್ಷ ಯಾರೂ ಅದನ್ನು ಸರಿಯಾಗಿ ತೂಗಲಿಲ್ಲ.

ಕೊನೆಗೆ ಅವನ ಪರವಾಗಿ ನಿಂತವನು ರೊನಾಲ್ಡ್ ರಾಸ್. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಮೂಲವನ್ನು ಕಂಡು, 1902ರಲ್ಲಿ ನೋಬೆಲ್ ಬಹುಮಾನ ಪಡೆದ ಅದೇ ರಾಸ್. ಅವನೂ ಇತರ ವಿಜ್ಞಾನಿಗಳೂ ಸೇರಿ 1907ರ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಹಾಫ್ಕಿನ್ನನ ಮೇಲಿನ ಆರೋಪಕ್ಕೆ ಆಧಾರವಿಲ್ಲ ಎಂದು ಸಾರಿದರು. ಅದೇ ವರ್ಷದ ಕೊನೆಗೆ ಅವನ ಮೇಲಿನ ಕಳಂಕ ಅಳಿಯಿತು. ಆ 1907ನೆಯ ವರ್ಷದಲ್ಲಿ ಈ ದೇಶದಲ್ಲಿ ಪ್ಲೇಗಿನಿಂದ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಪಂಜಾಬಿನದು. ಮುಲ್ಕೋವಾಲದ ಸುದ್ದಿ ಕೇಳಿ ಸೂಜಿಯೆಂದರೆ ಓಡುತ್ತಿದ್ದ ಪಂಜಾಬು. ಒಂದು ಚಿಮಟ ನೆಲಕ್ಕೆ ಬಿದ್ದದ್ದರ ಬೆಲೆ ಹತ್ತೊಂಬತ್ತು ಜೀವಗಳಿಗೆ ನಿಲ್ಲಲಿಲ್ಲ. ಲೆಕ್ಕ ಹಾಕಲು ಬಾರದಷ್ಟು ದೂರ ಅದು ಹೋಯಿತು.

ಸದ್ಭಕ್ತರೇ, ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆ ಚಿಮಟ ಹಿಡಿದವನನ್ನು ಶಪಿಸುವುದು ಸುಲಭ. ಅವನೇನು ಕೊಲ್ಲಬೇಕೆಂದು ಬೀಳಿಸಿದನೇ? ಬಿಸಿಲು, ಜನರ ಗದ್ದಲ, ಇನ್ನೂ ಎಷ್ಟೋ ಹಳ್ಳಿಗೆ ಹೋಗಬೇಕೆಂಬ ಅವಸರ. ಕೈ ಜಾರಿತು, ಅದು ಯಾರಿಗೂ ಆಗುವಂಥದು. ಆದರೆ ಬಿದ್ದದ್ದನ್ನು ಎತ್ತಿ, ಸರಿಯಾಗಿ ಶುದ್ಧಮಾಡುವಷ್ಟು ತಾಳ್ಮೆ ಇರಲಿಲ್ಲ. ಯಾರು ನೋಡುತ್ತಾರೆ, ನಡೆಯುತ್ತದೆ ಎಂದುಕೊಂಡ ಒಂದು ಗಳಿಗೆ ಅದು. ನಾವು ಕಾಯಕ ಕಾಯಕ ಎಂದು ದೊಡ್ಡದಾಗಿ ಹೇಳುತ್ತೇವೆ. ಕಾಯಕದ ಪರೀಕ್ಷೆ ನಡೆಯುವುದು ಇಂಥ ಗಳಿಗೆಯಲ್ಲಿ. ದ್ರಾಕ್ಷಿಗೆ ಔಷಧ ಹೊಡೆದ ಮೇಲೆ ಕಾಯಬೇಕಾದ ದಿನ ಕಾಯದೆ ಪೇಟೆಗೆ ಕಳಿಸುವ ರೈತ, ತೊಯ್ದ ಮಾಲನ್ನು ಒಣಗಿದ ಮಾಲಿನೊಳಗೆ ಬೆರೆಸುವ ವ್ಯಾಪಾರಿ, ಅವಧಿ ಮುಗಿದ ಗುಳಿಗೆಯನ್ನು ಹಳ್ಳಿಯ ಅಂಗಡಿಗೆ ದಾಟಿಸುವ ಔಷಧದವನು, ಇವರಾರೂ ಕೊಲೆಗಾರರಲ್ಲ. ನಡೆಯುತ್ತದೆ ಎಂದುಕೊಳ್ಳುವವರು. ಅವರ ಮನೆಯಲ್ಲಿಯೂ ಲಿಂಗಪೂಜೆ ನಡೆಯುತ್ತದೆ.

ಇನ್ನೊಂದು ಕಡೆಯನ್ನೂ ನೋಡಬೇಕು. ಮದ್ದಿನಿಂದ ಜನ ಸತ್ತರು ಎಂಬ ಸುದ್ದಿ ಊರೂರಿಗೆ ಹಾರಿತು. ಅದು ಒಂದೇ ಶೀಶೆ, ಉಳಿದ ನಾಲ್ಕರಿಂದ ಯಾರಿಗೂ ಏನೂ ಆಗಲಿಲ್ಲ ಎಂಬ ಮಾತು ಹಾರಲಿಲ್ಲ. ಕೆಟ್ಟ ಸುದ್ದಿಗೆ ಕುದುರೆ, ಸತ್ಯಕ್ಕೆ ಎತ್ತಿನ ಬಂಡಿ. 2021ರಲ್ಲಿ ಕೊರೋನಾ ಲಸಿಕೆ ಬಂದಾಗಲೂ ನಾವು ಇದನ್ನೇ ಕಂಡೆವು. ಜತ್ತ ತಾಲೂಕಿನ ಒಬ್ಬ ಹಿರಿಯ ರೈತರು ಮಠಕ್ಕೆ ಬಂದು, "ಅಪ್ಪಾರ, ಸೂಜಿ ಹಾಕಿಸ್ಕೊಂಡ್ರ ಎರಡ ವರ್ಷದಾಗ ಸಾಯ್ತಾರಂತ ಮೊಬೈಲಿನ್ಯಾಗ ಬಂದೈತ್ರಿ, ಖರೇ ಏನ್ರಿ?" ಎಂದು ಕೇಳಿದರು. ನಾವು ನಮ್ಮ ತೋಳು ತೋರಿಸಿ, "ನಾವು ಹಾಕಿಸ್ಕೊಂಡು ತಿಂಗಳಾತು, ಯಪ್ಪಾ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, "ಹಂಗಾರ ನಮ್ಮ ಮುದುಕಿನ್ನೂ ಕರ್ಕೊಂಡ ಹೋಗ್ತೇನ್ರಿ" ಎಂದು ಎದ್ದರು. ಅರ್ಧ ತಾಸಿನ ಪ್ರವಚನ ಮಾಡಿದ್ದರೆ ಅಷ್ಟು ಕೆಲಸವಾಗುತ್ತಿತ್ತೋ ಇಲ್ಲವೋ.

ಹಾಗೆಂದು ವೈದ್ಯರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನುಂಗಿರಿ ಎಂದು ನಾವು ಹೇಳುವುದಿಲ್ಲ. ಕೇಳಿರಿ. ಈ ಮದ್ದು ಏನು, ಎಲ್ಲಿಂದ ಬಂತು, ಸೂಜಿ ಹೊಸದೋ ಹಳೆಯದೋ ಎಂದು ಕೇಳುವ ಹಕ್ಕು ನಿಮಗಿದೆ. ಮುಲ್ಕೋವಾಲದಲ್ಲಿ ಯಾರಾದರೂ ಒಬ್ಬರು, ಆ ಚಿಮಟ ನೆಲಕ್ಕೆ ಬಿತ್ತಲ್ಲ, ಮತ್ತೆ ತೊಳೆಯಿರಿ ಎಂದು ಕೂಗಿದ್ದರೆ? ಕೇಳುವುದು ಬೇರೆ, ಕೇಳದೆ ಸುದ್ದಿ ಹಬ್ಬಿಸುವುದು ಬೇರೆ.

ಪ್ಲೇಗು ಹಳೆಯ ಕಥೆಯೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 1993ರ ಸಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಗಡಿಯ ಮಗ್ಗುಲಲ್ಲೇ ಆದದ್ದು. ಜನ ಮನೆ ಬಿಟ್ಟು ಹೊರಗೆ ಉಳಿದರು, ಧಾನ್ಯ ಮನೆಯೊಳಗೇ ಉಳಿಯಿತು, ಇಲಿಗಳು ಹೆಚ್ಚಿದವು ಎಂದು ತಜ್ಞರು ಹೇಳಿದರು. ಮರುವರ್ಷ, 1994ರಲ್ಲಿ, ಬೀಡ ಜಿಲ್ಲೆಯ ಹಳ್ಳಿಗಳಲ್ಲಿ ಪ್ಲೇಗಿನ ಗಡ್ಡೆ ಕಾಣಿಸಿತು, ಸೂರತ್ತಿನಲ್ಲಿ ಜನ ಊರು ಬಿಟ್ಟು ಓಡಿದರು. ಈಗ ಅದಕ್ಕೆ ಗುಣಪಡಿಸುವ ಗುಳಿಗೆಗಳಿವೆ, ಹೊತ್ತಿಗೆ ಸರಿಯಾಗಿ ದವಾಖಾನೆಗೆ ಹೋದರೆ ಬದುಕುತ್ತಾರೆ. ಹಗೇವು, ಗೋದಾಮು ಇಟ್ಟುಕೊಂಡ ಭಕ್ತರು ಇಲಿಗಳು ತಾವಾಗಿ ಸಾಯುವುದನ್ನು ಕಂಡರೆ ಕೈಯಿಂದ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಪೇಟೆಯ ಹೆಸರು ಕೆಡುತ್ತದೆಂದು ಮುಚ್ಚಿಡಬಾರದು.

ಹಾಫ್ಕಿನ್ನನ ಉಳಿದ ಮಾತು ಸ್ವಲ್ಪವೇ ಇದೆ. ನಿರ್ದೋಷಿಯೆಂದು ಆದ ಮೇಲೆ ಅವನು ಮತ್ತೆ ಈ ದೇಶಕ್ಕೆ ಬಂದ. ಇಷ್ಟು ಅವಮಾನ ಮಾಡಿದವರ ನೆಲಕ್ಕೆ ಏಕೆ ಬಂದ ಎಂದು ಕೇಳಿದರೆ, ಅವಮಾನ ಮಾಡಿದವರು ಅಧಿಕಾರಿಗಳು, ಇಲ್ಲಿಯ ಜನರಲ್ಲ ಎಂದೇ ಅವನ ನಡತೆಯಿಂದ ನಾವು ತಿಳಿಯಬೇಕು. ಮುಂಬಯಿಯ ಸ್ಥಾನ ಅವನಿಗೆ ಮರಳಿ ಸಿಗಲಿಲ್ಲ. ಕಲಕತ್ತೆಯಲ್ಲಿ ಒಂದು ಪ್ರಯೋಗಶಾಲೆ ಕೊಟ್ಟರು, ಆದರೆ ಜನರ ಮೇಲೆ ಹೊಸ ಮದ್ದಿನ ಪರೀಕ್ಷೆ ನಡೆಸಲು ಬಿಡಲಿಲ್ಲ. ರೆಕ್ಕೆ ಕತ್ತರಿಸಿ ಪಂಜರದ ಬಾಗಿಲು ತೆರೆದಂತಾಯಿತು. ಆದರೂ 1914ರ ವರೆಗೆ ದುಡಿದು ನಿವೃತ್ತನಾದ. ಮದುವೆ ಮಾಡಿಕೊಂಡಿರಲಿಲ್ಲ. ಮುಪ್ಪಿನಲ್ಲಿ ತನ್ನ ಧರ್ಮದ ಆಚಾರಗಳನ್ನು ನಿಷ್ಠೆಯಿಂದ ಪಾಲಿಸಿದ, ಗಳಿಸಿದ ಹಣವನ್ನು ತನ್ನವರ ಧರ್ಮಪಾಠಶಾಲೆಗಳಿಗೆ ನಿಧಿಯಾಗಿ ಬಿಟ್ಟ. ನಾವು ಅದನ್ನು ದಾಸೋಹವೆಂದು ಕರೆದರೆ ಅವನು ಬೇಡವೆನ್ನಲಿಕ್ಕಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ಅವನ ದೇಹ ಬಿದ್ದಿತು.

ಸೊಲ್ಲಾಪುರದಲ್ಲಿ ಹುಟ್ಟಿ, 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೊಟ್ನಿಸರನ್ನು ಚೀನೀಯರು ತಮ್ಮವರೆಂದು ಕಲ್ಲಿನ ಮೂರ್ತಿ ಮಾಡಿ ನಿಲ್ಲಿಸಿದ್ದಾರೆ. ಅದನ್ನು ಕೇಳಿ ನಾವು ಹೆಮ್ಮೆಪಡುತ್ತೇವೆ. ಪರದೇಶದಿಂದ ಬಂದು ನಮಗಾಗಿ ಮೈ ಕೊಟ್ಟವನ ಹೆಸರು ಮಾತ್ರ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಪರೇಲಿನ ಆ ಪ್ರಯೋಗಶಾಲೆಗೆ ಅವನು ಬದುಕಿರುವಾಗಲೇ, 1925ರಲ್ಲಿ, ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟರು. ಅಷ್ಟು ಹೊತ್ತಿಗೆ ಅಲ್ಲಿಂದ ಹೊರಟ ಪ್ಲೇಗಿನ ಮದ್ದು ಎರಡು ಕೋಟಿ ಅಳತೆಗಳನ್ನು ಮೀರಿತ್ತು. ಅದೇ ಹೆಸರಿನ ಛತ್ರದಡಿ ಮುಂದೆ ಹಾವಿನ ವಿಷಕ್ಕೆ ಮದ್ದು ತಯಾರಾಯಿತು, ಪೋಲಿಯೋದ ಹನಿ ತಯಾರಾಯಿತು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ತಾಲೂಕಿನ ದವಾಖಾನೆಗೆ ಓಡಿ ಬದುಕಿ ಬಂದ ಭಕ್ತರು ಈ ಪತ್ರಿಕೆ ಓದುವವರಲ್ಲಿಯೂ ಇದ್ದೀರಿ. ಮುಂದಿನ ಸಲ ದವಾಖಾನೆಗೆ ಹೋದಾಗ ಆ ಮದ್ದಿನ ಡಬ್ಬಿಯ ಮೇಲಿನ ಹೆಸರನ್ನು ಒಮ್ಮೆ ಓದಿ ನೋಡಿರಿ, ನಿಮ್ಮ ಮಕ್ಕಳಿಗೂ ಓದಿ ಹೇಳಿರಿ.